ಸೂತ್ರಕ್ಕೆ ಭಾಷ್ಯ ಬರೆಯಿಸಿದ ಬಗೆ

ಮುಕ್ತ ತಂತ್ರಾಂಶಗಳನ್ನು ರಚಿಸುವವರು ಬಹುಮಂದಿ. ರಚಿಸಿದುದು ಹೇಗೆ ನಡೆಯುವುದೆಂದು ಪರರಿಗೆ ತಿಳಿಯುವಂತೆ ಬರೆದಿಡುವವರು ವಿರಳ. ವ್ಯಾಖ್ಯಾನವಿಲ್ಲದ ಸೂತ್ರಪಾಠವನ್ನು ಬಾಲಕನ ಕೈಗಿತ್ತರೆ ಅವನ ಗತಿಯೇನಾಗುವುದೆಂದು ಪಾಠಶಾಲೆಯಲ್ಲಿ ಓದಿದವರು ಬಲ್ಲರು.

ಪೈಥಾನ್ ಭಾಷೆಯಲ್ಲಿ ಅಂಕಿಗಳ ದೊಡ್ಡ ಕೋಷ್ಟಕಗಳನ್ನು ಶೀಘ್ರವಾಗಿ ಗಣಿಸುವ ನಂಪೈ ಎಂಬ ತಂತ್ರಾಂಶವನ್ನೇ ನೋಡಿರಿ. ಟ್ರಾವಿಸ್ ಆಲಿಫಾಂಟರು ಹಿಂದಿನ ಎರಡು ತಂತ್ರಾಂಶಗಳನ್ನು ಒಂದುಗೂಡಿಸಿ ಸಿದ್ಧಪಡಿಸಿದ ಇದರ ಮೊದಲನೆಯ ಪೂರ್ಣ ಆವೃತ್ತಿಯು 2006ರಲ್ಲಿ ಹೊರಬಿದ್ದಿತು. ತಂತ್ರಾಂಶವು ಸರ್ವರಿಗೂ ಉಚಿತ. ಅವರೇ ಬರೆದ ಕೈಪಿಡಿಗೆ ಮಾತ್ರ 2008ರವರೆಗೆ ಬೆಲೆಯಿತ್ತು. ದುಡಿದವನಿಗೆ ಅನ್ನ ಬೇಡವೇ? ಇದರಲ್ಲಿ ನಾವು ದೋಷವನ್ನೆಣಿಸೆವು. ಆದರೆ ತಂತ್ರಾಂಶದೊಳಗೇ ಇರಬೇಕಾದ ವಿವರಣೆಗಳು ಅನೇಕ ಕಡೆ ಒಂದೆರಡು ಸಾಲಿನವು. ಕೆಲವೆಡೆ ಅವೂ ಇರಲಿಲ್ಲ.

ಅಮೆರಿಕೆಯ ಮಧ್ಯ ಫ್ಲಾರಿಡಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಜೋಸೆಫ್ ಹ್ಯಾರಿಂಗ್ಟನ್ನರು 2007ರಲ್ಲಿ ಖಗೋಳಶಾಸ್ತ್ರದ ಗಣನೆಯನ್ನು ಇದರ ಮೂಲಕ ಕಲಿಸಹೊರಟು, ವಿದ್ಯಾರ್ಥಿಗಳು ತಡವರಿಸುವುದನ್ನು ಕಂಡರು. ಮುಂದಿನ ವರ್ಷದ ತರಗತಿಯೊಳಗಾಗಿ ಕೊರತೆಯು ನೀಗಬೇಕಾಗಿದ್ದಿತು. ಒಬ್ಬರಿಂದ ಮುಗಿಯುವ ಕೆಲಸವಲ್ಲ. ಆದುದರಿಂದ 2008ರ ಬೇಸಗೆಯಲ್ಲಿ ಸ್ಟೆಫಾನ್ ಫಾನ್ ಡರ್ ವಾಲ್ಟರನ್ನು ವೇತನವಿತ್ತು ಸಂಯೋಜಕರನ್ನಾಗಿ ನಿಯಮಿಸಿ, ಬರವಣಿಗೆಗೆ ಸ್ವಯಂಸೇವಕರನ್ನು ಕರೆದರು.

ಕರೆದ ಮಾತ್ರಕ್ಕೆ ಕಾರ್ಯವಾಗದು. ಅದುವರೆಗೆ ಒಂದು ಸಾಲನ್ನು ತಿದ್ದಬೇಕಾದರೂ ತಂತ್ರಾಂಶಕಾರರ ಸಲಕರಣೆಗಳನ್ನೆಲ್ಲ ಕಲಿತಿರಬೇಕಾಗಿದ್ದಿತು. ಈಗ ಹೆಸರು ನೋಂದಾಯಿಸಿದ ಯಾರಾದರೂ ನೇರವಾಗಿ ಬರೆಯಲು ಅನುಕೂಲ ಕಲ್ಪಿಸಲಾಯಿತು. ಮೊದಲು ಒಂದು ಮಾದರಿ ಗೊತ್ತಾಯಿತು: ಸಂಕ್ಷೇಪ, ಕೊಡತಕ್ಕ ಅಂಕಿಗಳು, ಬರುವ ಫಲ, ಮತ್ತು ಉದಾಹರಣೆ. ನಮಗೆ ಹೆಚ್ಚು ಮೆಚ್ಚಾದುದು ಬೇರೊಂದು. ಪ್ರತಿಯೊಂದು ವಿವರಣೆಯೂ ಬರೆಯತಕ್ಕದ್ದೋ, ಬರೆಯಲ್ಪಡುತ್ತಿರುವುದೋ, ಪರಿಶೀಲಿಸತಕ್ಕದ್ದೋ ಎಂಬುದು ಎಲ್ಲರ ಕಣ್ಣಿಗೂ ಕಾಣುವಂತಿದ್ದಿತು. ಬರೆದವನ ಬರಹವನ್ನು ಮತ್ತೊಬ್ಬನು ಪರಿಶೀಲಿಸಿದ ಬಳಿಕವೇ ಅದು ಮೂಲದೊಳಕ್ಕೆ ಸೇರುವುದು. ಸಾವಿರ ಪದ ಬರೆದವರಿಗೆ ಸಿಕ್ಕಿದ ಸಂಭಾವನೆಯೋ, ಒಂದು ಟೀ ಶರ್ಟು!

ಸಂಯೋಜಕನಿಗೆ ಸಂಬಳ, ದುಡಿಯುವವರಿಗೆ ಅಂಗಿ. ಇದಾವ ನ್ಯಾಯವೆಂದು ಕೇಳುವವರುಂಟು. ನಮ್ಮ ಸಭೆ ಸಂಘಗಳನ್ನು ಅವರು ನೋಡಲಿ. ನೂರು ಮಂದಿ ಉತ್ಸಾಹದಿಂದ ಹೆಸರು ಕೊಡುವರು. ಯಾರ ಕೆಲಸ ಎಲ್ಲಿಗೆ ಬಂದಿತೆಂದು ದಿನವೂ ವಿಚಾರಿಸುವ ಒಬ್ಬನಿಲ್ಲದೆ ಮೂರನೆಯ ತಿಂಗಳಿನಲ್ಲಿ ಪುಸ್ತಕ ಮುಚ್ಚುವುದು. ದಿನವೆಲ್ಲ ವಿಚಾರಿಸುವವನು ಹೊಟ್ಟೆಪಾಡಿಗೆ ಬೇರೆ ಕಡೆ ದುಡಿಯಲಾರನು.

ನಂಪೈಯನ್ನು ನಮ್ಮ ಕಾಲೇಜುಗಳಲ್ಲಿಯೂ ಇಂದು ಕಲಿಸುತ್ತಿರುವರು. ಹಳ್ಳಿಯಿಂದ ಬಂದ ಬಾಲಕರು ಇಂಗ್ಲಿಷ್ ವಿವರಣೆಯ ಮುಂದೆ ತಡವರಿಸುತ್ತಿರುವರು. ಅದನ್ನು ಕನ್ನಡಿಸಲು ಪರವಾನಗಿಯ ಅಡ್ಡಿಯಿಲ್ಲ. ನಮ್ಮ ಯಾವುದಾದರೊಂದು ಕಾಲೇಜು ಒಂದು ಬೇಸಗೆಗೆ ಒಬ್ಬ ಸಂಯೋಜಕನ ವೇತನವನ್ನೊದಗಿಸಿದರೆ ಕೆಲಸವನ್ನು ಆರಂಭಿಸಬಹುದು.