ಕೆಸರಿಗೆ ಎಟಿವಿ: ಸಿಸಿ ಆಮೇಲೆ, ಇಳಿಜಾರು ಮೊದಲು

ಎಟಿವಿ ಅಂದ ಕೂಡಲೇ ಎಲ್ಲರೂ ಕೇಳೋದು "ಎಷ್ಟು ಸಿಸಿ?" ನಾನೂ ಹಾಗೇ ಕೇಳ್ತಿದ್ದೆ. ಹೋದ ಮಳೆಗಾಲದಲ್ಲಿ ಪರಿಚಯದವರ ಕಾಫಿ ತೋಟದಲ್ಲಿ ಒಂದು ಗಾಡಿ ಓಡಿಸಿದೆ. ಹತ್ತುವಾಗ ಸಲೀಸು. ಇಳಿಯುವಾಗ ಬ್ರೇಕ್ ಒತ್ತಿದ್ದೇ ತಡ, ಚಕ್ರ ನಿಂತವು, ಗಾಡಿ ಮಾತ್ರ ಜಾರುತ್ತಲೇ ಹೋಯ್ತು. ಕಾಫಿ ಗಿಡ ತಡೆಯಿತು, ಬಚಾವಾದೆ.

ಫೋರ್ ವೀಲ್ ಡ್ರೈವ್ ಎಲ್ಲದರಲ್ಲೂ ಒಂದೇ ಅಲ್ಲ. ಪೊಲಾರಿಸ್ ಸ್ಪೋರ್ಟ್ಸ್‌ಮನ್ 570ರಲ್ಲಿ (567 ಸಿಸಿ) ಹಿಂದಿನ ಚಕ್ರ ಜಾರಿದಾಗ ಮುಂದಿನವು ತಾವಾಗಿ ಸೇರಿಕೊಳ್ಳುತ್ತವೆ. ಹತ್ತೋಕೆ ಇದು ಸುಲಭ. ಇಳಿಯುವಾಗ ನಾಲ್ಕೂ ಚಕ್ರಕ್ಕೆ ಎಂಜಿನ್ ಹಿಡಿತ ಬೇಕಿದ್ದರೆ, ಆಕ್ಟಿವ್ ಡಿಸೆಂಟ್ ಕಂಟ್ರೋಲ್ ಇರುವ ಮಾದರಿಯನ್ನೇ ಕೇಳಿ. ಯಮಹಾ ಗ್ರಿಜ್ಲಿ 700ರಲ್ಲಿ (686 ಸಿಸಿ) ಟೂ ವೀಲ್, ಫೋರ್ ವೀಲ್, ಡಿಫ್ ಲಾಕ್ ಮೂರನ್ನೂ ಗುಂಡಿ ಒತ್ತಿ ನಾವೇ ಆರಿಸಬೇಕು. ಫೋರ್ ವೀಲ್‌ನಲ್ಲಿ ಆ ಹಿಡಿತ ನಾಲ್ಕೂ ಚಕ್ರಕ್ಕೆ ಸಿಗುತ್ತದೆ. ಡಿಫ್ ಲಾಕ್ ಹಾಕಿದರೆ ಹ್ಯಾಂಡಲ್ ಬಿಗಿಯಾಗುತ್ತದೆ. ಹೂತುಕೊಂಡಾಗ ಮಾತ್ರ ಬಳಸಿ.

ಎರಡೂ ಸುಮಾರು 4 ಅಡಿ ಅಗಲ, ತೋಟದ ದಾರಿ ಅಳೆದು ನೋಡಿ. ರಸ್ತೆಗೆ ನೋಂದಣಿ ಆಗುತ್ತದೆಯೇ, ಬಿಡಿಭಾಗ ಎಲ್ಲಿ ಸಿಗುತ್ತದೆ ಅಂತ ಮೊದಲೇ ಕೇಳಿ. ಹೆಲ್ಮೆಟ್ ಹಾಕಿ, ಲೋ ಗೇರ್‌ನಲ್ಲಿ, ಒದ್ದೆ ಇಳಿಜಾರಲ್ಲಿ ಒಮ್ಮೆ ಇಳಿಸಿ ನೋಡಿ. ಅಡ್ವಾನ್ಸ್ ಆಮೇಲೆ ಕೊಡಿ.