ನಿತ್ಯಪುಷ್ಪ ಮತ್ತು ಮಧುಮೇಹ

ಸುದ್ದಗುಂಟೆಪಾಳ್ಯದ ಮನೆಗಳ ಅಂಗಳದಲ್ಲಿ, ತಾರಸಿಯ ಕುಂಡಗಳಲ್ಲಿ, ಗೋಡೆಯ ಬಿರುಕುಗಳಲ್ಲಿಯೂ ವರ್ಷವಿಡೀ ಅರಳುವ ಪುಟ್ಟ ಹೂಗಿಡವೇ ನಿತ್ಯಪುಷ್ಪ. ಸದಾಪುಷ್ಪ, ಕಾಶಿಕಣಗಿಲೆ ಎಂದೂ ಇದನ್ನು ಕರೆಯುವರು. ಇದರ ತವರು ಮಡಗಾಸ್ಕರ್ ದ್ವೀಪ. ಉಪ್ಪುಗಾಳಿಗೂ ಸುಡುಬಿಸಿಲಿಗೂ ಅಂಜದ ಈ ಗಿಡ ಉಷ್ಣದೇಶಗಳ ಕಡಲತೀರದ ಮರಳಿನಲ್ಲಿ ತಾನಾಗಿಯೇ ಹಬ್ಬಿದೆ.

ಮಧುಮೇಹಕ್ಕೆಂದು ಪ್ರತಿದಿನ ಬೆಳಿಗ್ಗೆ ಇದರ ಎಲೆಗಳನ್ನು ಅಗಿಯುವವರು ನಮ್ಮ ಬಳಿಗೆ ಬರುತ್ತಿರುತ್ತಾರೆ. ಗಿಡಮೂಲಿಕೆಯಾದುದರಿಂದ ಕೆಡುಕಿಲ್ಲವೆಂಬುದು ಅವರ ನಂಬಿಕೆ. ಇದನ್ನು ವಿಚಾರಿಸಿ ನೋಡುವುದು ಒಳಿತು.

ಜಮೈಕಾದ ಜನರೂ ಇದರ ಎಲೆಯ ಕಷಾಯವನ್ನು ಮಧುಮೇಹಕ್ಕೆ ಬಳಸುತ್ತಿದ್ದರು. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಇದನ್ನು ಪರೀಕ್ಷಿಸಿದರು. ಇಲಿಗಳಿಗೆ ಎಲೆಯ ಸಾರವನ್ನು ಕುಡಿಸಿದಾಗ ಸಕ್ಕರೆ ಇಳಿಯಲಿಲ್ಲ. ರಕ್ತನಾಳಕ್ಕೆ ಚುಚ್ಚಿದಾಗ ಬಿಳಿ ರಕ್ತಕಣಗಳು ಕುಸಿದು ಇಲಿಗಳು ಸೋಂಕಿನಿಂದ ಸತ್ತವು. ಬಿಳಿಕಣಗಳು ಮಿತಿಮೀರುವ ರಕ್ತಕ್ಯಾನ್ಸರಿಗೆ ಇದೇ ಮದ್ದಾಗಬಹುದೆಂಬ ದಾರಿ ಅಲ್ಲಿ ತೆರೆಯಿತು. ಹೀಗೆ ವಿನ್‌ಬ್ಲಾಸ್ಟಿನ್, ಅನಂತರ ವಿನ್‌ಕ್ರಿಸ್ಟಿನ್ ದೊರೆತವು. ಇವು ಜೀವಕೋಶದ ವಿಭಜನೆಯನ್ನೇ ತಡೆಯುತ್ತವೆ. ನಮ್ಮ ನೆರೆಯ ಕಿದ್ವಾಯಿಯಂತಹ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಮಕ್ಕಳ ರಕ್ತಕ್ಯಾನ್ಸರಿಗೆ ವಿನ್‌ಕ್ರಿಸ್ಟಿನ್ ಇಂದಿಗೂ ಮುಖ್ಯ ಔಷಧ.

ಆದರೆ ಅಲ್ಲಿ ಅದನ್ನು ತೂಕ ಹಾಕಿ ಕೊಡುತ್ತಾರೆ. ವಯಸ್ಕರಿಗೂ ಒಂದು ಬಾರಿಗೆ ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರಿಸುವುದಿಲ್ಲ. ಮಾತ್ರೆ ಸರಿಯಿದ್ದರೂ ಕೈಕಾಲು ಜೋಮು, ಮಲಬದ್ಧತೆ ಕಾಣಿಸಿಕೊಳ್ಳಬಹುದು. ಹಸಿ ಎಲೆಯಲ್ಲಿ ಈ ಅಂಶ ಅತ್ಯಲ್ಪ, ಕ್ಯಾನ್ಸರಿಗೆ ಅದು ಸಾಲದು. ಆದರೆ ಅದರೊಡನೆ ಇತರ ಹತ್ತಾರು ತೀಕ್ಷ್ಣ ಆಲ್ಕಲಾಯ್ಡ್‌ಗಳಿವೆ. ಅವುಗಳ ಪ್ರಮಾಣ ಗಿಡದಿಂದ ಗಿಡಕ್ಕೆ ಬೇರೆ. ಮಧುಮೇಹಿಗಳಿಗೆ ಪಾದದ ಜೋಮು ಮೊದಲೇ ಇರುವುದುಂಟು. ಅದು ರೋಗದ್ದೋ ಎಲೆಯದ್ದೋ ಎಂದು ಗುರುತಿಸುವುದು ಆಗ ವೈದ್ಯರಿಗೂ ಕಷ್ಟ.

ಚರಕ, ಸುಶ್ರುತ ಸಂಹಿತೆಗಳಲ್ಲಿ ಈ ಗಿಡದ ಪ್ರಸ್ತಾಪವಿಲ್ಲ. ಪ್ರಮೇಹಕ್ಕೆ ವಾಗ್ಭಟರು ಶ್ರೇಷ್ಠವೆಂದದ್ದು ನೆಲ್ಲಿ ಮತ್ತು ಅರಿಶಿನದ ಜೋಡಿಯನ್ನು. ಅದನ್ನೂ ವೈದ್ಯರನ್ನು ಕೇಳಿಯೇ, ಸೇವಿಸುತ್ತಿರುವ ಔಷಧವನ್ನು ಬಿಡದೆ ಬಳಸಬೇಕು.

ಆದುದರಿಂದ ನಿತ್ಯಪುಷ್ಪದ ಎಲೆ, ಕಷಾಯಗಳನ್ನು ಮನೆಮದ್ದಾಗಿ ಸೇವಿಸಬಾರದು. ಗರ್ಭಿಣಿಯರೂ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರೂ ಇದನ್ನು ಮುಟ್ಟಲೇಬಾರದು. ಈಗಾಗಲೇ ಸೇವಿಸುತ್ತಿರುವವರು ನಿಲ್ಲಿಸಿ, ಆ ಸಂಗತಿಯನ್ನು ತಮ್ಮ ವೈದ್ಯರಿಗೆ ಮರೆಮಾಚದೆ ತಿಳಿಸಿ, ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ. ಹೂವು ಪೂಜೆಗಿರಲಿ, ಗಿಡ ಅಂಗಳದಲ್ಲಿರಲಿ.