ಎಳೆಯ ಬೆಕ್ಕಿನ ಬಾಯಿಯ ಪರೀಕ್ಷೆ

ಕಣಜದ ಧಾನ್ಯವನ್ನೂ ಬಿತ್ತನೆಯ ಬೀಜವನ್ನೂ ಇಲಿಗಳ ಕಾಟದಿಂದ ಕಾಪಾಡುವುದರಲ್ಲಿ ಬೆಕ್ಕು ರೈತನಿಗೆ ಬಹುಕಾಲದಿಂದಲೂ ನೆರವಾಗಿದೆ. ಎತ್ತಿನ ಹಲ್ಲು ನೋಡಿ ವಯಸ್ಸನ್ನು ಹೇಳಬಲ್ಲ ರೈತರಲ್ಲಿಯೂ ಬೆಕ್ಕಿನ ಬಾಯಿಯನ್ನು ನೋಡುವ ವಾಡಿಕೆ ಅಪರೂಪ. ಬೆಕ್ಕಾದರೋ ತನ್ನ ನೋವನ್ನು ಹೊರಗೆ ತೋರಗೊಡುವ ಪ್ರಾಣಿಯಲ್ಲ. ಹಲ್ಲು ನೋಯುತ್ತಿದ್ದರೂ ಕೂಗದೆ, ಒಂದಿಷ್ಟು ತಿಂದು ಮೂಲೆ ಸೇರುತ್ತದೆ. ಆದಕಾರಣ ರೋಗವು ಬಲಿತ ಮೇಲೆಯೇ ಮನೆಯವರ ಗಮನಕ್ಕೆ ಬರುವುದು ಸಾಮಾನ್ಯ. ಮರಿಯಾಗಿರುವಾಗಲೇ ವಾರಕ್ಕೊಮ್ಮೆ ಬಾಯಿಯನ್ನು ನೋಡುವ ಅಭ್ಯಾಸವನ್ನಿಟ್ಟುಕೊಂಡಲ್ಲಿ ಈ ತೊಂದರೆಯನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಹಲ್ಲು ಹುಟ್ಟುವ ಮತ್ತು ಬೀಳುವ ಕಾಲ

ರೋಗವನ್ನು ಗುರುತಿಸಬೇಕಾದರೆ ಮೊದಲು ಸಹಜಸ್ಥಿತಿಯನ್ನು ತಿಳಿದಿರಬೇಕು. ಮರಿಗೆ ಸುಮಾರು 3ನೆಯ ವಾರದಲ್ಲಿ ಹಾಲುಹಲ್ಲುಗಳು ಮೂಡಲಾರಂಭಿಸಿ, 8ನೆಯ ವಾರದ ಹೊತ್ತಿಗೆ 26 ಹಲ್ಲುಗಳೂ ಬಂದಿರುತ್ತವೆ. 4ನೆಯ ತಿಂಗಳಿನ ಸುಮಾರಿಗೆ ಇವು ಬೀಳತೊಡಗಿ, 6-7 ತಿಂಗಳು ತುಂಬುವಷ್ಟರಲ್ಲಿ 30 ಶಾಶ್ವತ ಹಲ್ಲುಗಳು ಬರುತ್ತವೆ. ಈ ಅವಧಿಯಲ್ಲಿ ಒಸಡು ಸ್ವಲ್ಪ ಕೆಂಪಾಗುವುದು, ತೊಟ್ಟು ರಕ್ತ ಕಾಣುವುದು, ಸಿಕ್ಕಿದ್ದನ್ನೆಲ್ಲ ಕಚ್ಚುವುದು ರೋಗವಲ್ಲ. ಬಿದ್ದ ಹಲ್ಲನ್ನು ಮರಿಯು ನುಂಗಿದರೂ ಅಪಾಯವಿಲ್ಲ. ಆದರೆ ಹೊಸ ಕೋರೆಹಲ್ಲಿನ ಪಕ್ಕದಲ್ಲಿ ಹಳೆಯದು ಬೀಳದೆ ನಿಂತಿದ್ದರೆ ನಡುವೆ ಆಹಾರವು ಸಿಕ್ಕಿ ಕೊಳೆಯುವುದರಿಂದ ಅದನ್ನು ಪಶುವೈದ್ಯರಿಂದ ತೆಗೆಸತಕ್ಕದ್ದು.

ದೂರದಿಂದಲೇ ಕಾಣುವ ಲಕ್ಷಣಗಳು

ಹಸಿದು ಬಂದ ಬೆಕ್ಕು ಆಹಾರವನ್ನು ಮೂಸಿ ಹಿಂದೆ ಸರಿಯುವುದು, ಒಂದೇ ಪಕ್ಕದಲ್ಲಿ ಅಗಿಯುವುದು, ತುತ್ತನ್ನು ಬಾಯಿಂದ ಜಾರಿಸುವುದು, ಮುಂಗಾಲಿನಿಂದ ಮುಖವನ್ನು ಕೆರೆದುಕೊಳ್ಳುವುದು, ಜೊಲ್ಲು ಸುರಿಸುವುದು, ಬಾಯಿ ನಾರುವುದು, ಮೈಯನ್ನು ನೆಕ್ಕಿಕೊಳ್ಳದೆ ಕೂದಲು ಗಂಟುಗಟ್ಟುವುದು ಇವೆಲ್ಲವೂ ಬಾಯಿಯಲ್ಲಿ ನೋವಿರಬಹುದೆಂಬುದಕ್ಕೆ ಸೂಚನೆಗಳು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಜೊಲ್ಲಿನೊಡನೆ ನಡತೆಯೂ ಬದಲಾಗಿ, ಕಾರಣವಿಲ್ಲದೆ ಮೇಲೆ ಬೀಳುವ, ನುಂಗಲಾರದ ಅಥವಾ ತೂರಾಡುವ ಬೆಕ್ಕಿಗೆ ಹುಚ್ಚುರೋಗವು, ಅಂದರೆ ರೇಬೀಸ್, ತಗಲಿರಬಹುದು. ಅಂತಹ ಬೆಕ್ಕಿನ ಬಾಯಿಗೆ ಕೈಹಾಕಲೇಕೂಡದು. ಮುಟ್ಟದೆ ಪಶುವೈದ್ಯರಿಗೆ ತಿಳಿಸಬೇಕು. ಕಚ್ಚಿದರೂ ಪರಚಿದರೂ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದನ್ನು ಹಾಕಿಸಿಕೊಳ್ಳತಕ್ಕದ್ದು.

ಪರೀಕ್ಷಿಸುವ ಕ್ರಮ

ಬೆಕ್ಕು ಶಾಂತವಾಗಿರುವಾಗ ಬೆಳಕಿನ ಕಡೆಗೆ ಮುಖಮಾಡಿ ಕೂರಿಸಿಕೊಂಡು, ಮೊದಲು ಎರಡು ಪಕ್ಕದ ತುಟಿಗಳನ್ನು ಮಾತ್ರ ಮೇಲೆತ್ತಿ ನೋಡಬೇಕು. ಒಸಡು ನಸುಗೆಂಪಾಗಿ ತೇವವಾಗಿರಬೇಕು. ಕಪ್ಪು ಬಣ್ಣದ ಮಚ್ಚೆಗಳು ಕೆಲವು ಬೆಕ್ಕುಗಳಲ್ಲಿ ಸಹಜ. ಬೆರಳಿನಿಂದ ಒಸಡನ್ನು ಮೆಲ್ಲನೆ ಒತ್ತಿಬಿಟ್ಟರೆ ಬಿಳುಪಾದ ಜಾಗವು ಸುಮಾರು 2 ಸೆಕೆಂಡುಗಳೊಳಗೆ ಮತ್ತೆ ಕೆಂಪಾಗಬೇಕು. ಆಮೇಲೆ ಒಂದು ಕೈಯಿಂದ ತಲೆಯನ್ನು ಮೇಲಿನಿಂದ ಹಿಡಿದು ಸ್ವಲ್ಪ ಹಿಂದಕ್ಕೆ ಬಾಗಿಸಿ, ಇನ್ನೊಂದು ಕೈಯ ಬೆರಳಿನಿಂದ ಕೆಳಗಿನ ಮುಂಬಲ್ಲುಗಳನ್ನು ಒತ್ತಿದರೆ ಬಾಯಿ ತೆರೆಯುತ್ತದೆ. ನಾಲಗೆ, ಅಂಗುಳು, ನಾಲಗೆಯ ಅಡಿಭಾಗಗಳನ್ನು ಕ್ಷಣಮಾತ್ರದಲ್ಲಿ ನೋಡಿ ಬಿಟ್ಟುಬಿಡಬೇಕು. ಬೆಕ್ಕು ಪ್ರತಿಭಟಿಸಿದರೆ ಬಲಾತ್ಕಾರ ಕೂಡದು.

ಕಂಡದ್ದರ ಅರ್ಥ

ಒಸಡು ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆಯೆಂದು ತಿಳಿಯಬೇಕು. ಮರಿಗಳಲ್ಲಿ ಚಿಗಟ ಮತ್ತು ಕೊಕ್ಕೆಹುಳುಗಳು ಇದಕ್ಕೆ ಕಾರಣವಾಗುವುದುಂಟು. ಇಲಿಪಾಷಾಣ ತಿಂದ ಇಲಿಯನ್ನು ಹಿಡಿದು ತಿಂದ ಬೆಕ್ಕಿಗೂ ಒಸಡಿನಿಂದ ರಕ್ತ ಸೋರಬಹುದು. ಹಳದಿಯ ಒಸಡು ಕಾಮಾಲೆಯನ್ನೂ ನೀಲಿಯ ಒಸಡು ಉಸಿರಾಟದ ಕೊರತೆಯನ್ನೂ ಸೂಚಿಸುತ್ತದೆ. ನಾಲಗೆಯ ಮೇಲೆ ಹುಣ್ಣುಗಳಿದ್ದು ಸೀನು, ಕಣ್ಣೀರು ಇದ್ದರೆ ಕ್ಯಾಲಿಸಿವೈರಸ್ ಮೊದಲಾದ ಅಂಟುರೋಗಗಳ ಶಂಕೆಯುಂಟು. ಬೇರೆ ಬೆಕ್ಕುಗಳಿಂದ ಅದನ್ನು ಪ್ರತ್ಯೇಕಿಸಬೇಕು. ಹಲ್ಲು ಬದಲಾದ ಮೇಲೂ ಹಲ್ಲಿನ ಬುಡದಲ್ಲಿ ಕೆಂಪು ಗೆರೆ ನಿಂತು ಒಸಡು ಊದಿದ್ದರೆ ಅದು ಎಳೆಯ ಬೆಕ್ಕುಗಳಲ್ಲಿ ಬರುವ ಒಸಡಿನ ಉರಿಯೂತ. ಉಪೇಕ್ಷಿಸಿದರೆ ಹಲ್ಲಿನ ಆಧಾರವೇ ಸಡಿಲವಾಗುತ್ತದೆ. ನಾಲಗೆಯ ಬುಡಕ್ಕೆ ದಾರ ಸುತ್ತಿಕೊಂಡಿದ್ದಲ್ಲಿ ಎಳೆಯಲೇಬಾರದು. ಅದರ ಇನ್ನೊಂದು ತುದಿ ಕರುಳಿನಲ್ಲಿದ್ದು, ಎಳೆದರೆ ಕರುಳು ಕೊಯ್ದುಹೋಗಬಹುದು.

ಮಾಡಬಾರದ ಕೆಲಸಗಳು

ಮನುಷ್ಯರ ನೋವಿನ ಮಾತ್ರೆಯನ್ನು ಬೆಕ್ಕಿಗೆ ಕೊಡಲೇಕೂಡದು. ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆಯು ಪ್ರಾಣಾಂತಕವಾಗಬಹುದು. ಮನುಷ್ಯರು ಬಳಸುವ ಹಲ್ಲುಜ್ಜುವ ಪೇಸ್ಟೂ ಬೇಡ. ಫೆನೈಲಿನಿಂದ ತೊಳೆದ ನೆಲದ ಮೇಲೆ ನಡೆದ ಬೆಕ್ಕು ಕಾಲನ್ನು ನೆಕ್ಕಿದರೆ ಬಾಯಿ ಸುಟ್ಟು ಹುಣ್ಣಾಗುವುದರಿಂದ ನೆಲವು ಒಣಗುವವರೆಗೆ ಅದನ್ನು ದೂರವಿಡಬೇಕು.

ಮೇಲೆ ಹೇಳಿದ ಯಾವ ಲಕ್ಷಣವಾದರೂ ಕಂಡು, ಎಳೆಯ ಬೆಕ್ಕು ಒಂದು ದಿನ ಪೂರ್ತಿ ಆಹಾರವನ್ನು ಬಿಟ್ಟರೆ ಮರುದಿನಕ್ಕೆ ಕಾಯದೆ ಸಮೀಪದ ಪಶುವೈದ್ಯಶಾಲೆಗೆ ಒಯ್ಯತಕ್ಕದ್ದು. 6-8 ವಾರಗಳ ವಯಸ್ಸಿನಿಂದ ಅಂಟುರೋಗಗಳ ಲಸಿಕೆಯನ್ನೂ, 3 ತಿಂಗಳು ತುಂಬಿದ ಮೇಲೆ ಹುಚ್ಚುರೋಗದ ಲಸಿಕೆಯನ್ನೂ ವೈದ್ಯರ ಸಲಹೆಯಂತೆ ಹಾಕಿಸುವುದು ಬೆಕ್ಕಿಗೂ ಮನೆಯ ಮಕ್ಕಳಿಗೂ ಕ್ಷೇಮಕರ.